ನೂರು ಪಿನ್ನು, ಎರಡು ಬಣ್ಣದ ದಾರ: ಗೋಡೆ ಮೇಲಿನ ವರ್ಲ್ಡ್ ಮ್ಯಾಪ್, ಒಂದು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಪ್ರವಾಸ ಮಾಡುವವರಿಗೆ ಅಂತ ಮಾಡಿದ ಮ್ಯಾಪು. ನಾಲ್ಕಡಿ ಅಗಲ, ಮೂರಡಿ ಎತ್ತರ, ಹಿಂದೆ ಕಾರ್ಕ್ ಹಾಳೆ, ಸುತ್ತ ತೆಳ್ಳಗಿನ ಮರದ ಚೌಕಟ್ಟು. ಜೊತೆಗೆ ಪುಟ್ಟ ಡಬ್ಬಿಯಲ್ಲಿ ನೂರು ಬಣ್ಣದ ಪಿನ್ನು. ಹೋಗಿ ಬಂದ ಊರಿಗೆಲ್ಲ ಪಿನ್ ಚುಚ್ಚಬೇಕು, ಮನೆಗೆ ಬಂದವರು ನೋಡಬೇಕು, ಅಷ್ಟೇ ಇದರ ಕೆಲಸ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಸ್ಟೇಷನರಿ ಅಂಗಡಿಯಲ್ಲಿ 1,450 ರೂಪಾಯಿ ಕೊಟ್ಟು ತಂದೆ. ಅಂಗಡಿ ಹುಡುಗ ಪೇಪರ್ ಸುತ್ತುತ್ತಾ ಕೇಳಿದ, "ಎಷ್ಟು ದೇಶ ತಿರುಗ್ಯಾಡೀರಿ ಸರ?" ನಾನು ಸೊಲ್ಲಾಪುರ ದಾಟಿದ್ದೇ ಕಮ್ಮಿ. "ತಿರುಗಾಡ್ಲಿಕ್ಕಲ್ಲಪಾ, ಜಗಳ ನೋಡ್ಲಿಕ್ಕ" ಅಂದೆ. ಅವನು ನನ್ನನ್ನೊಮ್ಮೆ, ಮ್ಯಾಪನ್ನೊಮ್ಮೆ ನೋಡಿ ಸುಮ್ನೆ ಬಿಲ್ ಹರಿದು ಕೊಟ್ಟ.

ವಿಷಯ ಏನಂದ್ರೆ, ನಮ್ಮ ಮನೆ ಮಾಳಿಗೆ ಮೇಲಿನ ಕೋಣೆಗೆ ಸಂಜೆ ಏಳೆಂಟು ಹುಡುಗ ಹುಡುಗಿಯರು ಓದೋಕೆ ಬರುತ್ತಾರೆ. ಕೆಎಎಸ್ ಅಂತ ಕೆಲವರು, ಪಿಎಸ್ಐ ಅಂತ ಕೆಲವರು, ಎಫ್‌ಡಿಎ ಆದ್ರೂ ಸಾಕಪ್ಪ ಅಂತ ಇನ್ನು ಕೆಲವರು. ಬೀದರ್‌ನವಳು ಒಬ್ಬಳು, ಸುರಪುರದವನು ಒಬ್ಬ, ಉಳಿದವರು ಚಿತ್ತಾಪುರ, ಸೇಡಂ, ಆಳಂದದ ಕಡೆಯವರು. ಫೀಸು ಅಂತ ಏನೂ ಇಲ್ಲ, ಸರದಿ ಮೇಲೆ ಮಿರ್ಚಿ ಭಜಿ ತರುತ್ತಾರೆ. ಅವರ ನೋಟ್ಸ್ ನೋಡಿದರೆ ಅಳು ಬರುತ್ತಿತ್ತು. 1882, 1894, 1904, 1907 ಅಂತ ಸಾಲಾಗಿ ಬರೆದುಕೊಂಡು, ಎದುರಿಗೆ ಒಪ್ಪಂದದ ಹೆಸರು ಬರೆದು ಬಾಯಿಪಾಠ ಮಾಡುತ್ತಿದ್ದರು. ಯಾರು ಯಾರ ಜೊತೆ ಸೇರಿದರು ಅಂತ ಗೊತ್ತು. ಯಾಕೆ ಸೇರಿದರು, ನಿನ್ನೆ ತನಕ ಬೈದಾಡಿದವರು ಇವತ್ತು ಹೇಗೆ ಕೈ ಹಿಡಿದರು ಅಂತ ಕೇಳಿದರೆ ಎಲ್ಲರೂ ಫ್ಯಾನ್ ನೋಡುತ್ತಿದ್ದರು.

ಅದಕ್ಕೇ ಈ ಮ್ಯಾಪು ತಂದೆ. ಬಜಾರದ ದಾರದ ಅಂಗಡಿಯಿಂದ ಹಸಿರು ಒಂದು ರೀಲು, ಕೆಂಪು ಒಂದು ರೀಲು ತಂದೆ, ತಲಾ 20 ರೂಪಾಯಿ. ದೋಸ್ತಿ ಇದ್ದ ಕಡೆ ಹಸಿರು, ದುಶ್ಮನಿ ಇದ್ದ ಕಡೆ ಕೆಂಪು. ಆಟ ಅಷ್ಟೇ. ಒಂದು ವರ್ಷ ಆಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮಾಲಿನ ಬಗ್ಗೆ ಮೊದಲು. ಮುದ್ರಣ ಚೆನ್ನಾಗಿದೆ, ಬಣ್ಣ ಕಣ್ಣಿಗೆ ಚುಚ್ಚೋದಿಲ್ಲ. ನೂರು ಪಿನ್ನು ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದಾರೆ, ಎಣಿಸಿದೆ, 97 ಇತ್ತು. ಹೋಗಲಿ ಬಿಡಿ. ವಿಶ್ವಸಂಸ್ಥೆಯಲ್ಲಿ ಇರೋದು 193 ದೇಶ, ಹಾಗಾಗಿ ನೂರು ಪೂರ್ತಿ ಇದ್ದರೂ ಸಾಲುತ್ತಿರಲಿಲ್ಲ. 193 ದೇಶಗಳ ನಡುವೆ ಜೋಡಿ ಲೆಕ್ಕ ಹಾಕಿದರೆ 18,528 ಆಗುತ್ತೆ. ಅಷ್ಟು ದಾರ ಕಟ್ಟಿದರೆ ಮ್ಯಾಪ್ ಹೋಗಿ ಸೊಳ್ಳೆ ಪರದೆ ಆಗುತ್ತೆ. ನಾವು ಸಾಮಾನ್ಯವಾಗಿ ಐದು, ಆರು ದೇಶಕ್ಕಿಂತ ಜಾಸ್ತಿ ಒಂದು ಸಲಕ್ಕೆ ತೆಗೆದುಕೊಳ್ಳಲಿಲ್ಲ.

ದೊಡ್ಡ ತೊಂದರೆ ಯುರೋಪ್‌ದು. ದಾರ ಕಟ್ಟೋ ಕೆಲಸ ಅರ್ಧಕ್ಕರ್ಧ ಅಲ್ಲೇ ಇರುತ್ತೆ, ಜಾಗ ನೋಡಿದರೆ ಅಂಗೈ ಅಗಲ. ಗ್ರೀನ್‌ಲ್ಯಾಂಡ್ ಮಾತ್ರ ಆಫ್ರಿಕಾದಷ್ಟು ದೊಡ್ಡದಾಗಿ ಮಲಗಿದೆ. ನಿಜದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು, ಗೋಡೆಗೆ ಹಾಕೋ ಈ ಥರದ ಮ್ಯಾಪುಗಳ ಹಳೇ ರೋಗ ಇದು. ಆ ಖಾಲಿ ಕಾರ್ಕ್ ನೋಡಿ ಮೊದಮೊದಲು ಸಿಟ್ಟು ಬರುತ್ತಿತ್ತು, ಅಲ್ಲಿ ಯಾರಿಗೂ ಯಾರ ಜೊತೆಗೂ ಜಗಳ ಇಲ್ವಲ್ಲ ಅಂತ. ಆಮೇಲೆ ಟ್ರಂಪ್ ಸಾಹೇಬರು ಅದು ನಮಗೆ ಬೇಕು ಅಂತ ಹಠ ಹಿಡಿದರು, ಅದು ಯಾರ ಕೈಲಿದೆಯೋ ಆ ಡೆನ್ಮಾರ್ಕ್ ಆಗಲ್ಲ ಅಂತು, ಇಬ್ಬರೂ ನ್ಯಾಟೋ ಅನ್ನೋ ಒಂದೇ ಸೇನಾ ಕೂಟದವರೇ. ಅಲ್ಲೂ ಒಂದು ಪಿನ್ ಹೋಯ್ತು.

ಆಟದ ನಿಯಮ ಹೇಳಿದರೆ ಉಳಿದದ್ದು ಅರ್ಥ ಆಗುತ್ತೆ. ಎರಡು ದೇಶ ನೋಡಿದರೆ ಏನೂ ತಿಳಿಯಲ್ಲ, ಮೂರು ನೋಡಬೇಕು. ನಿಮ್ಮ ಇಬ್ಬರು ಗೆಳೆಯರು ಪರಸ್ಪರ ಮಾತು ಬಿಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಒಬ್ಬನ ಮನೆ ಮದುವೆಗೆ ಹೋದರೆ ಇನ್ನೊಬ್ಬನಿಗೆ ಮುನಿಸು. ಎಷ್ಟು ದಿನ ನಡೆಸ್ತೀರಿ? ಒಂದೋ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸ್ತೀರಿ, ಇಲ್ಲಾ ಒಬ್ಬನನ್ನು ಬಿಡ್ತೀರಿ. ಎರಡು ಹಸಿರು, ಒಂದು ಕೆಂಪು ಇರೋ ತ್ರಿಕೋನ ಹೀಗೆ ಎಳೆದಾಡುತ್ತೆ. ಮೂರೂ ಹಸಿರಿದ್ದರೆ ಗಟ್ಟಿ. ಒಂದು ಹಸಿರು, ಎರಡು ಕೆಂಪು ಇದ್ದರೂ ಗಟ್ಟಿ, ಯಾಕಂದ್ರೆ ಅಲ್ಲಿ ಇಬ್ಬರು ಸೇರಿ ಮೂರನೆಯವನ ಮೇಲೆ ಬಿದ್ದಿರುತ್ತಾರೆ. ಮೂರೂ ಕೆಂಪಾದರೆ ಅದೂ ಹೆಚ್ಚು ದಿನ ನಿಲ್ಲಲ್ಲ, ವೈರಿಯ ವೈರಿ ಗೆಳೆಯ ಅಂತ ಯಾರೋ ಇಬ್ಬರು ಸೇರಿಕೊಳ್ಳುತ್ತಾರೆ.

ಇದನ್ನು ಮನುಷ್ಯರ ಮಟ್ಟಿಗೆ 1946ರಲ್ಲಿ ಹೇಳಿದ್ದು ಫ್ರಿಟ್ಜ್ ಹೈಡರ್ ಅನ್ನೋ ಮನಃಶಾಸ್ತ್ರಜ್ಞ. ಹತ್ತು ವರ್ಷ ಬಿಟ್ಟು, 1956ರಲ್ಲಿ ಕಾರ್ಟ್‌ರೈಟ್ ಮತ್ತು ಹರಾರಿ ಅದಕ್ಕೆ ಗಣಿತ ಕೊಟ್ಟರು. ಎಲ್ಲರಿಗೂ ಎಲ್ಲರ ಜೊತೆ ಏನೋ ಒಂದು ಸಂಬಂಧ ಇದ್ದು, ಎಲ್ಲ ತ್ರಿಕೋನವೂ ಗಟ್ಟಿಯಾದರೆ, ಕೊನೆಗೆ ಎಲ್ಲರೂ ಒಂದೇ ಗುಂಪು ಆಗಿರ್ತಾರೆ, ಇಲ್ಲಾ ಎದುರುಬದುರು ಎರಡು ಗುಂಪು ಆಗಿರ್ತಾರೆ, ಮೂರನೇ ದಾರಿ ಇಲ್ಲ. ಪಕ್ಕದ ರಾಜ ವೈರಿ, ಅವನಾಚೆಯ ರಾಜ ಮಿತ್ರ ಅಂತ ಕೌಟಿಲ್ಯ ಯಾವಾಗಲೋ ಹೇಳಿಯಾಗಿತ್ತು, ಅದು ಬೇರೆ ಮಾತು.

ಮೊದಲನೇ ಆಟಕ್ಕೆ ಮೊದಲನೇ ಮಹಾಯುದ್ಧದ ಹಿಂದಿನ ಆರು ದೇಶ ತೆಗೆದುಕೊಂಡೆವು. ಬ್ರಿಟನ್, ಫ್ರಾನ್ಸ್, ರಷ್ಯಾ, ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಇಟಲಿ. ಆರು ಪಿನ್ನಿಗೆ 15 ದಾರ, 20 ತ್ರಿಕೋನ. ಆಸ್ಟ್ರಿಯಾ-ಹಂಗೇರಿ ಈಗಿನ ಮ್ಯಾಪಲ್ಲಿ ಇಲ್ಲ, ವಿಯೆನ್ನಾಗೆ ಚುಚ್ಚಿದೆವು.

1873ರಲ್ಲಿ ಜರ್ಮನಿ, ಆಸ್ಟ್ರಿಯಾ, ರಷ್ಯಾದ ಮೂರು ಚಕ್ರವರ್ತಿಗಳು ಕೂಟ ಕಟ್ಟಿದರು. ಮೂರೂ ಹಸಿರು. ಫ್ರಾನ್ಸ್ ಆಗ ಒಂಟಿ, ಮೂರು ವರ್ಷದ ಹಿಂದೆ ಶುರುವಾದ ಯುದ್ಧದಲ್ಲಿ ಜರ್ಮನಿ ಕೈಲಿ ಸೋತು ಅಲ್ಸೇಸ್-ಲೊರೇನ್ ಪ್ರಾಂತ್ಯ ಕಳೆದುಕೊಂಡು ಕೂತಿತ್ತು. ಆದರೆ ಆಗ್ನೇಯ ಯುರೋಪಿನ ಬಾಲ್ಕನ್ ನಾಡುಗಳ ವಿಷಯದಲ್ಲಿ ಆಸ್ಟ್ರಿಯಾಕ್ಕೂ ರಷ್ಯಾಕ್ಕೂ ಆಗಿ ಬರಲಿಲ್ಲ, ಆ ದಾರ ಕೆಂಪಾಯ್ತು. ಈಗ ಜರ್ಮನಿಗೆ ಇಬ್ಬರೂ ದೋಸ್ತರು, ಅವರಿಬ್ಬರಿಗೆ ಪರಸ್ಪರ ಆಗಲ್ಲ. ಮದುವೆ ಮನೆ ಕಥೆ. ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಇರೋ ತನಕ ಹೇಗೋ ತೂಗಿಸಿದ. 1887ರಲ್ಲಿ ರಷ್ಯಾ ಜೊತೆ ಗುಟ್ಟಾಗಿ ಇನ್ನೊಂದು ಒಪ್ಪಂದ ಮಾಡಿಕೊಂಡ. 1890ರಲ್ಲಿ ಅವನು ಮನೆಗೆ ಹೋದ, ಹೊಸಬರು ಅದನ್ನು ಮುಂದುವರಿಸಲಿಲ್ಲ. ಹಸಿರು ದಾರ ಬಿಚ್ಚಿತು.

ಸೇಡಂನ ಹುಡುಗ ಆ ದಾರ ಬಿಚ್ಚಿ ಕೈಲಿ ಹಿಡಿದುಕೊಂಡು ನಿಂತಿದ್ದ. "ಈಗ ರಷ್ಯಾ ಯಾರ ಕಡೆ ಹೋಗ್ತದ?" ಅಂತ ಕೇಳಿದೆ. ಅವನು ನೋಟ್ಸ್ ನೋಡಲಿಲ್ಲ. ಮ್ಯಾಪ್ ನೋಡಿದ, ಜರ್ಮನಿಯ ಆ ಕಡೆ ಒಬ್ಬನೇ ನಿಂತಿದ್ದ ಫ್ರಾನ್ಸ್ ನೋಡಿದ, ದಾರವನ್ನು ಅಲ್ಲಿಗೆ ತಗೊಂಡು ಹೋಗಿ ಸುತ್ತಿದ. ಇತಿಹಾಸದಲ್ಲೂ ಅದೇ ಆಗಿದ್ದು, 1894ರಲ್ಲಿ. ರಾಜರನ್ನು ಕಿತ್ತೊಗೆದ ದೇಶ, ರಾಜನೇ ದೇವರು ಅನ್ನೋ ದೇಶ, ಎರಡಕ್ಕೂ ಏನೇನೂ ಹೊಂದಿಕೆ ಇಲ್ಲ, ಆದರೂ ಜೋಡಿ ಆದವು. ನನ್ನ 1,450 ರೂಪಾಯಿ ಅವತ್ತೇ ವಸೂಲಾಯ್ತು ಅಂತ ಹೇಳಬೇಕು.

ಬ್ರಿಟನ್ ಕಥೆ ಇನ್ನೂ ಚಂದ, ಮ್ಯಾಪಿನ ತಪ್ಪು ಸಿಕ್ಕಿದ್ದೂ ಅಲ್ಲೇ. 1898ರಲ್ಲಿ ನೈಲ್ ನದಿ ದಂಡೆಯ ಫಶೋಡಾ ಅನ್ನೋ ಊರಿಗೆ ಫ್ರೆಂಚರ ಒಂದು ಪುಟ್ಟ ಪಡೆ ಬಂದು ಬಾವುಟ ಹಾಕಿತು, ಹಿಂದೆಯೇ ಬ್ರಿಟಿಷರು ಬಂದರು, ಯುದ್ಧ ಆಗೇಬಿಡ್ತು ಅನ್ನೋ ಸ್ಥಿತಿ. ಫ್ರೆಂಚರು ಹಿಂದೆ ಸರಿದರು. ಆರೇ ವರ್ಷ, 1904ರಲ್ಲಿ ಅದೇ ಇಬ್ಬರು ಕೂತು ಈಜಿಪ್ಟ್ ನಿನಗೆ, ಮೊರಾಕೋ ನನಗೆ ಅಂತ ಹಂಚಿಕೊಂಡು ದೋಸ್ತಿ ಆದರು. ನಡುವೆ ಜರ್ಮನಿ ಹಡಗು ಕಟ್ಟೋಕೆ ಶುರು ಮಾಡಿತ್ತಲ್ಲ, ಅದಕ್ಕೆ. ಈ ಫಶೋಡಾ ಈಗ ದಕ್ಷಿಣ ಸುಡಾನ್‌ನಲ್ಲಿದೆ, ಕೊಡೊಕ್ ಅಂತ ಕರೀತಾರೆ. ಪಿನ್ ಹಾಕೋಕೆ ಹೋದರೆ ನನ್ನ ಮ್ಯಾಪಲ್ಲಿ ದಕ್ಷಿಣ ಸುಡಾನ್ ಅನ್ನೋ ದೇಶವೇ ಇಲ್ಲ! ಅದು ಹುಟ್ಟಿದ್ದು 2011ರ ಜುಲೈನಲ್ಲಿ. ಅಂದ್ರೆ ಹತ್ತು ವರ್ಷಕ್ಕೂ ಹಳೆಯ ಅಚ್ಚನ್ನು ಹೊಸ ಚೌಕಟ್ಟು ಹಾಕಿ ಮಾರಿದ್ದಾರೆ. ಆಮೇಲೆ ಹುಡುಕಿದರೆ ಎಸ್ವಾಟಿನಿ ಇನ್ನೂ ಸ್ವಾಜಿಲ್ಯಾಂಡ್ ಆಗೇ ಇದೆ, ಉತ್ತರ ಮೆಸಿಡೋನಿಯಾಗೆ ಉತ್ತರ ಅನ್ನೋದೇ ಇಲ್ಲ. ಪೆನ್ನಲ್ಲಿ ನಾವೇ ದಕ್ಷಿಣ ಸುಡಾನ್‌ನ ಗೆರೆ ಎಳೆದು, ರಾಜಧಾನಿ ಜೂಬಾ ಅಂತ ಬರೆದೆವು. ಲ್ಯಾಮಿನೇಷನ್ ಮೇಲೆ ಪೆನ್ ನಿಲ್ಲಲಿಲ್ಲ, ಮಾರ್ಕರ್ ತರಬೇಕಾಯ್ತು.

1907ಕ್ಕೆ ಬ್ರಿಟನ್-ರಷ್ಯಾ ಕೂಡ ಹಸಿರು. ಈಗ ಎಣಿಸಿದೆವು. ಈ ಕಡೆ ಬ್ರಿಟನ್, ಫ್ರಾನ್ಸ್, ರಷ್ಯಾ, ಆ ಕಡೆ ಜರ್ಮನಿ, ಆಸ್ಟ್ರಿಯಾ, 1882ರಲ್ಲಿ ಅವರ ಜೊತೆ ಸೇರಿದ ಇಟಲಿ. ಹಸಿರು ಆರು ದಾರ, ಕೆಂಪು ಒಂಬತ್ತು, 20ಕ್ಕೆ 20 ತ್ರಿಕೋನವೂ ಗಟ್ಟಿ. ಬೀದರ್ ಹುಡುಗಿ ಚಪ್ಪಾಳೆ ತಟ್ಟಿ "ಬ್ಯಾಲೆನ್ಸ್ ಆತ್ರಿ ಸರ" ಅಂದಳು. ಹೌದು, ಬ್ಯಾಲೆನ್ಸ್ ಆಯ್ತು, ಏಳು ವರ್ಷಕ್ಕೆ ಮಹಾಯುದ್ಧವೂ ಆಯ್ತು. ಅದನ್ನು ಹೇಳಿದಾಗ ಕೋಣೆ ಸ್ವಲ್ಪ ಹೊತ್ತು ತಣ್ಣಗಾಗಿತ್ತು. ಗಟ್ಟಿ ಅಂದ್ರೆ ಶಾಂತಿ ಅಂತ ಅವರು ತಿಳಿದಿದ್ದರು. ತ್ರಿಕೋನ ಎಳೆದಾಡುತ್ತಿದ್ದಾಗ ಪ್ರತಿ ದೇಶಕ್ಕೂ ಆ ಕಡೆ ಒಬ್ಬ ಪರಿಚಯದವನು ಇದ್ದ, ನಡುವೆ ಬಿದ್ದು ಬಿಡಿಸೋಕೆ. ಎಲ್ಲ ಸರಿಹೋದ ಮೇಲೆ ನಡುವೆ ಯಾರೂ ಇಲ್ಲ. ಒಬ್ಬ ಬಿದ್ದರೆ ಐವರೂ ಬೀಳಬೇಕು.

ಐವರೂ ಅಂದೆ, ಇಟಲಿ ಬೀಳಲಿಲ್ಲ. ಇಟಲಿಯಿಂದ ಬ್ರಿಟನ್‌ಗೆ ಕೆಂಪು ಕಟ್ಟುವಾಗಲೇ ನನಗೆ ಮನಸ್ಸಿರಲಿಲ್ಲ, ಅವರ ನಡುವೆ ಅಂಥ ಜಗಳ ಏನಿತ್ತು? ಲೆಕ್ಕ ಚೆಂದ ಕಾಣಲಿ ಅಂತ ಕಟ್ಟಿದ್ದು. ಇಟಲಿಗೂ ಆಸ್ಟ್ರಿಯಾಕ್ಕೂ ಹಸಿರು ಅನ್ನೋದು ಕಾಗದದ ಮೇಲೆ ಮಾತ್ರ, ಒಳಗೆ ಆಸ್ಟ್ರಿಯಾ ಕೈಲಿದ್ದ ಟ್ರೆಂಟೀನೋ, ಟ್ರಿಯೆಸ್ಟ್ ನಮಗೆ ಬೇಕು ಅಂತ ಹೊಟ್ಟೆ ಉರಿ. 1902ರಲ್ಲೇ ಫ್ರಾನ್ಸ್ ಜೊತೆ ಗುಟ್ಟಾಗಿ ಮಾತಾಡಿಕೊಂಡಿತ್ತು. 1914ರಲ್ಲಿ ಇಟಲಿ ಸುಮ್ನೆ ಕೂತಿತು, 1915ರಲ್ಲಿ ಬ್ರಿಟನ್, ಫ್ರಾನ್ಸ್ ಕಡೆಗೇ ಜಿಗಿಯಿತು. ಈ ಎರಡು ಬಣ್ಣದ ದಾರದ ಮೊದಲ ಸೋಲು ಅದು. ಗಟ್ಟಿ ದೋಸ್ತಿ, ಹೆಸರಿಗೆ ದೋಸ್ತಿ, ಎರಡೂ ಒಂದೇ ಹಸಿರಾಗಿ ಕಾಣುತ್ತೆ.

ಮಧ್ಯೆ ಒಂದು ಅವಘಡ. ಮೇ ತಿಂಗಳು, ನಮ್ಮೂರ ಬಿಸಿಲು ಗೊತ್ತಲ್ಲ, 42 ದಾಟಿತ್ತು. ಮಾಳಿಗೆ ಕೋಣೆ ಅಂದ್ರೆ ಕಾದ ಹೆಂಚು. ಕಾರ್ಕ್ ಹಾಳೆಯ ಅಂಟು ಕರಗಿ, ರಾತ್ರಿ ಎರಡು ಗಂಟೆಗೆ ಮ್ಯಾಪು ಚೌಕಟ್ಟಿನಿಂದ ಕಳಚಿ ಧೊಪ್ ಅಂತ ಬಿತ್ತು. ಪಿನ್ನೆಲ್ಲ ನೆಲದ ತುಂಬ. ನಮ್ಮವ್ವ ಕೆಳಗಿನಿಂದ "ಯಾರಲೇ ಅದು?" ಅಂತ ಕೂಗಿದಳು. ಬೆಳಿಗ್ಗೆ ಬರಿಗಾಲಲ್ಲಿ ಹೋದ ನನ್ನ ಹಿಮ್ಮಡಿಗೆ ಜರ್ಮನಿಯ ಪಿನ್ ಚುಚ್ಚಿತು. ಜರ್ಮನಿದೇ ಅಂತ ಹೇಗೆ ಗೊತ್ತು ಅಂದ್ರೆ, ಅದಕ್ಕೆ ಮಾತ್ರ ಕರಿ ಪಿನ್ ಹಾಕಿದ್ದೆವು. ಫೆವಿಕಾಲ್ ಸುರಿದು, ಮೇಲೆ ನಿಘಂಟುಗಳನ್ನು ಹೇರಿ ಎರಡು ದಿನ ಒಣಗಿಸಿದೆ. ಅಂದಿನಿಂದ ಅಲ್ಲಾಡಿಲ್ಲ. ಮಾಡಿದವರು ಮೊದಲೇ ಸರಿಯಾದ ಅಂಟು ಹಾಕಬಹುದಿತ್ತು, ಅಲ್ವಾ?

ಆ ಎರಡು ದಿನ ಮ್ಯಾಪ್ ಇಲ್ಲ, ಹುಡುಗರು ಬಂದು ಕೂತಿದ್ದಾರೆ. ಹಳೇ ಕ್ಯಾಲೆಂಡರ್ ತಿರುವಿ, ಬೆನ್ನ ಮೇಲೆ ದಖ್ಖನ್ ಬಿಡಿಸಿದೆವು. ಬಹಮನಿ ರಾಜ್ಯ 1347ರಲ್ಲಿ ಹುಟ್ಟಿತು, ನಮ್ಮೂರೇ ಅದರ ರಾಜಧಾನಿ ಆಯ್ತು, ಆಮೇಲೆ ರಾಜಧಾನಿ ಬೀದರ್‌ಗೆ ಹೋಯ್ತು, ಆಮೇಲೆ ಒಡೆದು ಐದಾಯ್ತು. ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೇರಾರ್, ಬೀದರ್. ಕೆಳಗೆ ವಿಜಯನಗರ. ಇಲ್ಲೂ ಆರೇ, 15 ದಾರ, 20 ತ್ರಿಕೋನ! ಇದು ಬರಬರುತ್ತಾ ಯುರೋಪಿಗಿಂತ ರುಚಿಯಾಯ್ತು.

ಅಳಿಯ ರಾಮರಾಯ ಒಮ್ಮೆ ಅಹ್ಮದ್‌ನಗರದ ಜೊತೆ ಸೇರಿ ಬಿಜಾಪುರವನ್ನು ಬಡಿದ, ಇನ್ನೊಮ್ಮೆ ಬಿಜಾಪುರದ ಜೊತೆ ಸೇರಿ ಅಹ್ಮದ್‌ನಗರವನ್ನು ಬಡಿದ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರೋ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದು ಬದುಕಿದ್ದವನು. ಬಿಜಾಪುರದ ಅಲಿ ಆದಿಲ್ ಷಾ, ರಾಮರಾಯನ ಮಗ ತೀರಿಕೊಂಡಾಗ ತಾನೇ ವಿಜಯನಗರಕ್ಕೆ ಹೋಗಿ ದುಃಖ ಹಂಚಿಕೊಂಡು ಬಂದಿದ್ದ. ಇಷ್ಟು ಹಸಿರಿದ್ದವರೇ 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧದಲ್ಲಿ ಎದುರು ನಿಂತರು. ಹುಡುಗರಿಗೆ ಪರೀಕ್ಷೆಗೆ ಇದನ್ನು ಧರ್ಮದ ಯುದ್ಧ ಅಂತ ಒಂದೇ ಸಾಲಲ್ಲಿ ಬರೆದು ಅಭ್ಯಾಸ. ದಾರ ಕಟ್ಟಿ ನೋಡಿದರೆ ಬೇರೆಯೇ ಕಾಣುತ್ತೆ. ರಾಮರಾಯ ಎಲ್ಲರ ಜೊತೆಗೂ ಸರದಿಯಲ್ಲಿ ದೋಸ್ತಿ, ಸರದಿಯಲ್ಲಿ ದುಶ್ಮನಿ ಮಾಡಿ, ಕೊನೆಗೆ ಎಲ್ಲರ ಕೆಂಪು ದಾರವೂ ಒಂದೇ ಪಿನ್ನಿಗೆ ಬರೋ ಹಾಗೆ ಮಾಡಿಕೊಂಡಿದ್ದ. ಅಷ್ಟಾದರೆ ಉಳಿದವರ ನಡುವಿನ ಕೆಂಪು ತಾನೇ ಸಡಿಲ ಆಗುತ್ತೆ.

ತಾನೇ ಅಂದೆ, ಅದಕ್ಕೂ ಮದುವೆ ಬೇಕಾಯ್ತು. ಅಹ್ಮದ್‌ನಗರದ ಹುಸೇನ್ ನಿಜಾಂ ಷಾ ತನ್ನ ಮಗಳು ಚಾಂದ್‌ಬೀಬಿಯನ್ನು ಅಲಿ ಆದಿಲ್ ಷಾಗೆ ಕೊಟ್ಟ, ಬಳುವಳಿಯಾಗಿ ಸೊಲ್ಲಾಪುರದ ಕೋಟೆ ಕೊಟ್ಟ. ಅಲಿಯ ತಂಗಿ ಹುಸೇನನ ಮಗನಿಗೆ ಹೋದಳು. ನಾನು ದಾಟಲಾರದ ಸೊಲ್ಲಾಪುರ, ಒಂದು ಮಹಾಯುದ್ಧದ ಕೂಟಕ್ಕೆ ವರದಕ್ಷಿಣೆ! ಯುದ್ಧ ಮುಗೀತು, ಎಲ್ಲರಿಗೂ ಕಾಮನ್ ಆಗಿದ್ದ ವೈರಿ ಹೋದ. ಆಮೇಲೆ? 1574ರಲ್ಲಿ ಅಹ್ಮದ್‌ನಗರ ಬೇರಾರನ್ನು ನುಂಗಿತು. 1619ರಲ್ಲಿ ಬಿಜಾಪುರ ಬೀದರನ್ನು ನುಂಗಿತು. ಸೊಲ್ಲಾಪುರಕ್ಕೆ ಬೀಗರು ಮತ್ತೆ ಕಿತ್ತಾಡಿದರು. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ, ಎರಡೂ ಔರಂಗಜೇಬನ ಪಾಲು. ಬೀದರ್ ಹುಡುಗಿ ಮುಖ ಸಣ್ಣ ಮಾಡಿದಳು, "ಎಲ್ಲಾ ಕಡಿ ನಮ್ಮೂರಿಗೇ ಸಣ್ಣ ಪಿನ್ ಹಾಕ್ತೀರಿ ನೀವು." ಸುರಪುರದವನಿಗೆ ಹುರುಪು. ಬಿಜಾಪುರ ಬಿದ್ದ ಮೇಲೂ ಅವನ ಊರಿನ ನಾಯಕರು ಔರಂಗಜೇಬನಿಗೆ ಪೂರ್ತಿ ಬಗ್ಗಲಿಲ್ಲ, 1705ರಲ್ಲಿ ಆ ಮುದಿ ಬಾದಶಾಹ ಖುದ್ದಾಗಿ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿ ಕೂರಬೇಕಾಯ್ತು. ಅವನ ಒತ್ತಾಯಕ್ಕೆ ಏಳನೇ ಪಿನ್ ಹಾಕಿದೆವು.

ಅದೇ ಕ್ಯಾಲೆಂಡರ್ ಮೇಲೆ ನಿಜಾಮನದೂ ಒಂದು ಚೂರು. 1766ರಲ್ಲಿ ಬ್ರಿಟಿಷರ ಜೊತೆ ಒಪ್ಪಂದ, 1767ರಲ್ಲಿ ಹೈದರ್ ಅಲಿ ಜೊತೆ ಸೇರಿ ಬ್ರಿಟಿಷರ ಮೇಲೆ, 1768ರಲ್ಲಿ ಮತ್ತೆ ಬ್ರಿಟಿಷರ ಕಡೆ. ಎರಡು ವರ್ಷಕ್ಕೆ ಮೂರು ಸಲ ದಾರ ಬಿಚ್ಚಿ ಕಟ್ಟಿ ಕ್ಯಾಲೆಂಡರ್ ಹರಿದೇಹೋಯ್ತು. 1798ರಲ್ಲಿ ಸಹಾಯಕ ಸೈನ್ಯ ಪದ್ಧತಿಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದ. ಆಮೇಲೆ ಬಿಚ್ಚೋ ಪ್ರಶ್ನೆಯೇ ಬರಲಿಲ್ಲ, ಬ್ರಿಟಿಷರೇ ಬಿಟ್ಟು ಹೋಗೋ ತನಕ.

ಮ್ಯಾಪು ಒಣಗಿ ವಾಪಸ್ ಬಂದ ಮೇಲೆ 1971. ಭಾರತ, ಪಾಕಿಸ್ತಾನ, ಚೀನಾ, ಅಮೆರಿಕ, ಸೋವಿಯತ್. ಐದು ಪಿನ್, ಹತ್ತು ದಾರ, ಹತ್ತು ತ್ರಿಕೋನ. ಪಾಕಿಸ್ತಾನ 1954ರಿಂದಲೇ ಅಮೆರಿಕದ ಕೂಟದಲ್ಲಿತ್ತು. 1962ರ ಭಾರತ-ಚೀನಾ ಯುದ್ಧ ಆದ ಮೇಲೆ ಚೀನಾಕ್ಕೂ ಹತ್ತಿರ ಆಯ್ತು, 1963ರಲ್ಲಿ ಗಡಿ ಒಪ್ಪಂದ. ಆದರೆ ಅಮೆರಿಕ-ಚೀನಾ ಮಾತ್ರ ಕೆಂಪು, ಇಬ್ಬರಿಗೂ ಇಪ್ಪತ್ತು ವರ್ಷದಿಂದ ಮಾತಿಲ್ಲ. ಆ ಕಡೆ ಕಮ್ಯುನಿಸ್ಟ್ ಅಣ್ಣತಮ್ಮ ಅನ್ನಿಸಿಕೊಂಡಿದ್ದ ಚೀನಾ-ಸೋವಿಯತ್ 1969ರ ಮಾರ್ಚ್‌ನಲ್ಲಿ ಉಸೂರಿ ನದಿಯ ನಡುಗಡ್ಡೆಗೆ ಗುಂಡು ಹಾರಿಸಿಕೊಂಡಿದ್ದರು. ಅಮೆರಿಕಕ್ಕೆ ವೈರಿಯ ವೈರಿ ಸಿಕ್ಕಿದ. ರಾಜಿ ಮಾಡಿಸೋಕೆ ಯಾರು? ಇಬ್ಬರಿಗೂ ಹಸಿರಿರೋ ಪಾಕಿಸ್ತಾನ. 1971ರ ಜುಲೈಯಲ್ಲಿ ಅಮೆರಿಕ ಅಧ್ಯಕ್ಷರ ಸಲಹೆಗಾರ ಕಿಸಿಂಜರ್ ಪಾಕಿಸ್ತಾನಕ್ಕೆ ಬಂದು, ಹೊಟ್ಟೆ ಕೆಟ್ಟಿದೆ ಅಂತ ಸುದ್ದಿ ಹಬ್ಬಿಸಿ, ಗುಟ್ಟಾಗಿ ಬೀಜಿಂಗ್‌ಗೆ ಹಾರಿದರು. ಆಗಸ್ಟ್ 9ಕ್ಕೆ ನಮ್ಮವರು ಸೋವಿಯತ್ ಜೊತೆ ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದರು. ಡಿಸೆಂಬರ್‌ನಲ್ಲಿ ಯುದ್ಧ ನಡೆಯುವಾಗ ದಾರ ಎಣಿಸಿದರೆ ನಾಲ್ಕು ಹಸಿರು, ಆರು ಕೆಂಪು, ಹತ್ತೂ ತ್ರಿಕೋನ ಗಟ್ಟಿ. ಹೊಟ್ಟೆ ಕೆಟ್ಟ ಕಥೆಗೆ ಹುಡುಗರು ನಕ್ಕಷ್ಟು ಬೇರೆ ಯಾವುದಕ್ಕೂ ನಕ್ಕಿಲ್ಲ. ಈ ಜುಲೈ-ಆಗಸ್ಟ್ ನಡುವಿನ ಒಂದು ತಿಂಗಳನ್ನು ಅವರು ಜನ್ಮದಲ್ಲಿ ಮರೆಯಲ್ಲ.

ಅದೇ ಐದು ಪಿನ್ನಿಗೆ ಈಗಿನ ದಾರ ಕಟ್ಟಿ ಅಂತ ಮನೆಪಾಠ ಕೊಟ್ಟೆ. ಮರುದಿನ ಬಂದವರು ಜಗಳ ಮಾಡಿಕೊಂಡೇ ಬಂದರು. ಭಾರತ-ರಷ್ಯಾ ಹಸಿರು. ಭಾರತ-ಅಮೆರಿಕವೂ ಹಸಿರು, ಜಪಾನ್, ಆಸ್ಟ್ರೇಲಿಯಾ ಸೇರಿದ ಕ್ವಾಡ್ ಕೂಟ ಇದೆ. ರಷ್ಯಾ-ಅಮೆರಿಕ ಕೆಂಪು. ರಷ್ಯಾ-ಚೀನಾ ಹಸಿರು. ಭಾರತ-ಚೀನಾ, 2020ರ ಗಾಲ್ವಾನ್ ಆದ ಮೇಲೆ ಕೆಂಪು. ನಮ್ಮ ದೇಶದ ಪಿನ್ನಿನಿಂದ ಹೊರಡೋ ತ್ರಿಕೋನಗಳಲ್ಲಿ ಎರಡು ಎಳೆದಾಡುತ್ತಿವೆ. ಹೈಡರ್ ಲೆಕ್ಕದಲ್ಲಿ ಇಷ್ಟೊತ್ತಿಗೆ ಏನಾದ್ರೂ ಹರಿಯಬೇಕಿತ್ತು. ನಾವು ರಷ್ಯಾದಿಂದ ಎಸ್-400 ಕ್ಷಿಪಣಿ ತಗೊಂಡೆವು, ಅಮೆರಿಕದ ಜೊತೆ ಸಮುದ್ರದಲ್ಲಿ ಕಸರತ್ತು ಮಾಡಿದೆವು, ಹರಿಯಲಿಲ್ಲ. "ಸರ, ಎರಡು ಬಣ್ಣ ಸಾಲಂಗಿಲ್ಲ. ಹಳದಿ ಬೇಕು" ಅಂದ ಆಳಂದದ ಹುಡುಗ. "ಹಳದಿ ಅಂದ್ರ ಏನು?" ಅಂದೆ. "ಮಾತಾಡ್ತಾರ, ಆದ್ರ ನಂಬಂಗಿಲ್ಲ."

ಪಟಪಟ ಅಂತ ಇನ್ನೂ ಕೆಲವು ಕಟ್ಟಿ ಬಿಚ್ಚಿದೆವು. ಮೂರು ಸಲ ಕಡಿದಾಡಿದ ಫ್ರಾನ್ಸ್-ಜರ್ಮನಿ 1963ರಲ್ಲಿ ಸ್ನೇಹದ ಒಪ್ಪಂದ ಮಾಡಿಕೊಂಡದ್ದು. ನಾಲ್ಕು ಯುದ್ಧ ಆದ ಮೇಲೆ 1979ರಲ್ಲಿ ಈಜಿಪ್ಟ್-ಇಸ್ರೇಲ್ ಶಾಂತಿ, ಅದಕ್ಕೆ ಅರಬ್ ಲೀಗ್ ಈಜಿಪ್ಟನ್ನೇ ಹೊರಗೆ ಹಾಕಿದ್ದು. ಅದೇ ವರ್ಷ ಇರಾನ್-ಇಸ್ರೇಲ್ ಹಸಿರಿನಿಂದ ಕೆಂಪಾಗಿದ್ದು. ವಿಯೆಟ್ನಾಂ ಒಂದಕ್ಕೇ ಅರ್ಧ ರೀಲು ಖರ್ಚಾಯ್ತು, ಅಮೆರಿಕದ ಮೇಲೆ ಯುದ್ಧ ಮಾಡುವಾಗ ಬೆನ್ನಿಗಿದ್ದ ಚೀನಾ 1979ರಲ್ಲಿ ಅದರ ಮೇಲೇ ದಂಡೆತ್ತಿ ಬಂತು, 1995ರಲ್ಲಿ ಅಮೆರಿಕದ ಜೊತೆ ರಾಯಭಾರ ಶುರುವಾಯ್ತು. ಫಿನ್‌ಲ್ಯಾಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ನ್ಯಾಟೋ ಸೇರಿ ಅದು 32 ದೇಶದ ಕೂಟ ಆಯ್ತು. ಅಷ್ಟೂ ಪಿನ್ ಹಾಕೋಕೆ ಹೋಗಿ ಬರ್ಲಿನ್ ಹತ್ತಿರದ ಕಾರ್ಕ್ ಪುಡಿಪುಡಿಯಾಗಿ ಉದುರಿತು. ಅಲ್ಲಿ ಈಗ ಹೆಬ್ಬೆರಳು ಹೋಗೋ ತೂತು. ಪಿನ್ ಕಿತ್ತು ಕಿತ್ತು ಚುಚ್ಚೋದಕ್ಕೆ ಈ ಕಾರ್ಕ್ ಆಗಿಬರಲ್ಲ, ತೀರಾ ತೆಳು. ಒಮ್ಮೆ ಚುಚ್ಚಿ ಬಿಡೋರಿಗೆ ತೊಂದರೆ ಇಲ್ಲ.

ಕೊನೆಗೆ ನಮ್ಮ ಬೇಳೆ ವಿಷಯ. ಚಿತ್ತಾಪುರದ ಹುಡುಗನ ಅಪ್ಪ ತೊಗರಿ ಬೆಳೀತಾರೆ. ಮಗನನ್ನು ನೋಡೋಕೆ ಬಂದವರು ಮ್ಯಾಪ್ ಮುಂದೆ ನಿಂತರು. ನಾನು ಬಿಳಿ ದಾರ ತಗೊಂಡು ಮೊಜಾಂಬಿಕ್‌ನಿಂದ ಭಾರತಕ್ಕೆ ಒಂದು ಎಳೆದೆ, 2016ರ ತೊಗರಿ ಒಪ್ಪಂದ. ಮ್ಯಾನ್ಮಾರ್, ಮಲಾವಿಯಿಂದ ಒಂದೊಂದು, 2021ರವು. ಅದೇ 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೈನ್ಯ ಗದ್ದುಗೆ ಹಿಡಿದಿತ್ತು, ಎಷ್ಟೋ ದೇಶ ಮುಖ ತಿರುಗಿಸಿದವು, ಬೇಳೆ ಮಾತು ಮಾತ್ರ ನಿಲ್ಲಲಿಲ್ಲ. ಕೆನಡಾಕ್ಕೂ ನಮಗೂ 2023ರ ಸೆಪ್ಟೆಂಬರ್‌ನಲ್ಲಿ ಕೆಟ್ಟಿತು, ರಾಯಭಾರ ಕಚೇರಿಯವರನ್ನು ವಾಪಸ್ ಕಳಿಸೋ ತನಕ ಹೋಯ್ತು, ಮಸೂರ್ ಬೇಳೆ ಹಡಗು ಬರ್ತಾನೇ ಇತ್ತು. ಅಂದ್ರೆ ಮೇಲೆ ಕೆಂಪು ದಾರ, ಅದರ ಕೆಳಗೇ ಬಿಳಿ ದಾರ. ಅವರು ಸ್ವಲ್ಪ ಹೊತ್ತು ನೋಡಿ, "ದೋಸ್ತಿ ಅವರವರದು, ರೇಟ್ ಬಿದ್ದಿದ್ದು ನಮ್ದು" ಅಂದರು. ಜಿಐ ಟ್ಯಾಗ್ ಇರೋ ತೊಗರಿ ಬೆಳೆಯೋ ಊರಿನವರು ಅವರು. ಯುರೋಪಿನ ಒಂದು ದಾರವನ್ನೂ ಕಣ್ಣೆತ್ತಿ ನೋಡಲಿಲ್ಲ, ಮೊಜಾಂಬಿಕ್ ಎಲ್ಲಿದೆ ಅಂತ ಬೆರಳಿಟ್ಟು ಎರಡು ಸಲ ಕೇಳಿದರು.

ಹಾಗಾದ್ರೆ ತಗೋಬೇಕಾ ಅಂತ ಕೇಳಿದರೆ, ಐದಕ್ಕೆ ಮೂರೂವರೆ ಕೊಡ್ತೀನಿ. ಪಾಠಕ್ಕೆ ಬೇಕಂದ್ರೆ ತಗೊಳ್ಳಿ, ಆದರೆ ದಕ್ಷಿಣ ಸುಡಾನ್ ಇದೆಯಾ ಅಂತ ಅಂಗಡಿಯಲ್ಲೇ ನೋಡಿ, ಕಾರ್ಕ್ ಹಾಳೆಯನ್ನು ಉಗುರಿಂದ ಒತ್ತಿ ನೋಡಿ, ಪಿನ್ ಬೇರೆ ಡಬ್ಬಿ ಜಾಸ್ತಿ ತಗೊಳ್ಳಿ. ದಾರ ಹತ್ತಿಯದೇ ಇರಲಿ, ರೇಷ್ಮೆ ದಾರ ಜಾರುತ್ತೆ. ಬಿಸಿಲು ಬೀಳೋ ಗೋಡೆಗೆ ಹಾಕಬೇಡಿ.

ಹೋದ ವಾರ ಹಳದಿ ದಾರ ತರೋಕೆ ಹೋದವನು ಹಾಗೇ ಆ ಸ್ಟೇಷನರಿ ಅಂಗಡಿಗೂ ಇಣುಕಿದೆ. ಹೊಸ ಮಾಲು ಬಂದಿತ್ತು, ಜೂಬಾ ಇತ್ತು, ಎಸ್ವಾಟಿನಿ ಇತ್ತು, ಕಾರ್ಕ್ ಕೂಡ ದಪ್ಪ. ಹಳೆಯದನ್ನು ಬದಲಾಯಿಸಿ ಕೊಡ್ತೀಯಾ ಅಂತ ಕೇಳಿದೆ. ಅದೇ ಹುಡುಗ. "ಬಿಲ್ ಇದ್ರ ಮಾಲಕರಿಗೆ ಕೇಳಿ ನೋಡ್ತೀನ್ರಿ ಸರ" ಅಂದ. ಬಿಲ್ ಇದೆ. ಕಳೆದು ಹೋಗಬಾರದು ಅಂತ ಅವತ್ತೇ ಕಾರ್ಕ್ ಹಾಳೆಗೂ ಹಲಗೆಗೂ ನಡುವೆ ಸಿಕ್ಕಿಸಿಟ್ಟಿದ್ದೆ. ಮೇ ತಿಂಗಳಲ್ಲಿ ಅದರ ಮೇಲೇ ಫೆವಿಕಾಲ್ ಸುರಿದಿದ್ದೇನೆ.